ನಾನು ಯಾರನ್ನೂ ಹಂಗಿಸಿಲ್ಲ, ಮಗಳು ಎಲ್ಲಿಂದ ಕಲಿತಳು?

ಪ್ರಶ್ನೆ: ನನಗೆ 41 ವರ್ಷ. ಮಗಳು ಎಂಟನೇ ಕ್ಲಾಸು. ಹೆರಿಗೆ ಆದಮೇಲೆ ಏರಿದ ತೂಕ ಇಳಿಯಲೇ ಇಲ್ಲ. ನನ್ನ ಮೈ ಕಂಡರೆ ನನಗೇ ಆಗಲ್ಲ. ಆದರೆ ಬೇರೆಯವರ ಮೈ ಬಗ್ಗೆ ಇವತ್ತಿನವರೆಗೆ ಒಂದು ಮಾತು ಆಡಿದವಳಲ್ಲ. ಹೋದ ತಿಂಗಳು ಶಾಲೆಯಿಂದ ಫೋನ್ ಬಂತು. ಮಗಳು ಮತ್ತು ಅವಳ ಗೆಳತಿಯರು ಕ್ಲಾಸಿನ ದಪ್ಪಗಿರುವ ಹುಡುಗಿಯನ್ನು ‘ಜೆಸಿಬಿ’ ಅಂತ ಕರೆದು ಅಳಿಸಿದ್ದಾರೆ. ಚೆನ್ನಾಗಿ ಬೈದೆ. ‘ನೀನು ದಿನಾ ಕನ್ನಡಿ ಮುಂದೆ ನಿನ್ನನ್ನೇ ಎಮ್ಮೆ ಅಂದ್ಕೊಳ್ತೀಯಲ್ಲಮ್ಮ, ಅದು ತಪ್ಪಲ್ವಾ?’ ಅಂದಳು. ನನ್ನ ಬಗ್ಗೆ ನಾನು ಅಂದುಕೊಳ್ಳುವುದಕ್ಕೂ ಅವಳು ಇನ್ನೊಬ್ಬರನ್ನು ಹಂಗಿಸುವುದಕ್ಕೂ ನಿಜವಾಗಿ ಸಂಬಂಧ ಇದೆಯಾ? ಅವಳಿಗೆ ಏನು ಹೇಳಲಿ?

ಉತ್ತರ: ಸಂಬಂಧ ಇದೆ. ಆದರೆ ಮಗಳು ಒಂದೇ ಮಾತಲ್ಲಿ ನಿಮ್ಮ ಬಾಯಿ ಮುಚ್ಚಿಸಿದಷ್ಟು ಸಲೀಸಾದ ಸಂಬಂಧ ಅಲ್ಲ. ಮೊದಲು ನಿಮ್ಮ ಪರವಾಗಿ ಎರಡು ಮಾತು ಹೇಳುತ್ತೇನೆ. ಆಮೇಲೆ ಅವಳ ಪರವಾಗಿ.

ನನ್ನ ಮೈ ನನಗಾಗಲ್ಲ, ಬೇರೆಯವರ ಬಗ್ಗೆ ನನಗೇನೂ ಇಲ್ಲ ಅಂತ ಬರೆದಿದ್ದೀರಿ. ಇದನ್ನು ಸುಮಾರು ಜನ ನಂಬಲಿಕ್ಕಿಲ್ಲ. ನಾನು ನಂಬುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಶ್ಚಿಯನ್ ಕ್ರ್ಯಾಂಡಲ್ 1994ರಲ್ಲಿ ಒಂದು ಪ್ರಶ್ನಾವಳಿ ತಯಾರಿಸಿದರು. ಈ ವಿಷಯದ ಮೇಲೆ ಕೆಲಸ ಮಾಡುವವರು ಈಗಲೂ ಅದನ್ನು ಬಳಸುತ್ತಾರೆ. ಅದರಲ್ಲಿ ಮೂರು ಭಾಗ. ದಪ್ಪಗಿರುವವರನ್ನು ಕಂಡರೆ ಆಗದಿರುವುದು ಒಂದು. ಎಲ್ಲಿ ನಾನೇ ದಪ್ಪ ಆಗಿಬಿಡ್ತೀನೋ ಅನ್ನುವ ಭಯ ಇನ್ನೊಂದು. ಬಾಯಿ ಕಟ್ಟಲು ಬರಲ್ಲ, ಮೈ ಬಗ್ಗಲ್ಲ, ಅದಕ್ಕೇ ಹಾಗಿದ್ದಾರೆ ಅನ್ನುವ ನಂಬಿಕೆ ಮೂರನೆಯದು. ಜನರ ಉತ್ತರಗಳನ್ನು ಸೇರಿಸಿ ನೋಡಿದಾಗ ಒಂದನೆಯದಕ್ಕೂ ಮೂರನೆಯದಕ್ಕೂ ಒಳ್ಳೆಯ ಜೋಡಿ. ತಿರಸ್ಕಾರ ಜಾಸ್ತಿ ಇದ್ದವರಲ್ಲಿ ‘ಅವರದೇ ತಪ್ಪು’ ಅನ್ನುವ ನಂಬಿಕೆಯೂ ಜಾಸ್ತಿ. ಭಯ ಮಾತ್ರ ಇವೆರಡರ ತಂಟೆಗೆ ಹೋಗದೆ ಹೆಚ್ಚುಕಡಿಮೆ ಬೇರೆಯೇ ನಿಂತಿತ್ತು. ಅಂದರೆ ತನ್ನ ಮೈಯನ್ನು ದ್ವೇಷಿಸುತ್ತಲೇ ಬೇರೆಯವರ ಮೈಯನ್ನು ಅದರ ಪಾಡಿಗೆ ಬಿಡುವವರು ಇದ್ದಾರೆ. ನೀವು ಅವರಲ್ಲಿ ಒಬ್ಬರು ಇರಬಹುದು.

ಈಗ ಮಗಳ ಪರವಾಗಿ. ನಿಮ್ಮೊಳಗೆ ಆ ಎರಡು ಬೇರೆ ಬೇರೆ ಇರಬಹುದು. ಆದರೆ ಕನ್ನಡಿಯ ಪಕ್ಕ ನಿಂತು ಕೇಳಿಸಿಕೊಳ್ಳುವ ಹುಡುಗಿಗೆ ನಿಮ್ಮ ಒಳಗು ಕಾಣುವುದಿಲ್ಲ. ಕಿವಿಗೆ ಬೀಳುವುದು ಒಂದೇ: ದಪ್ಪ ಅಂದರೆ ಎಮ್ಮೆ. ಮತ್ತೆ ಆ ಮಾತಿನ ಹಿಂದೆಯೇ ‘ಇವತ್ತಿಂದ ಅನ್ನ ಬಿಡ್ತೀನಿ’, ‘ಸುಮ್ನೆ ತಿಂದು ತಿಂದು ಹೀಗಾದೆ’ ಅಂತ ಬಂದರೆ ಮೂರನೆಯ ಭಾಗವನ್ನೂ ನೀವೇ ಹೇಳಿಕೊಟ್ಟ ಹಾಗಾಯಿತು. ತಿರಸ್ಕಾರಕ್ಕೆ ಜೋಡಿಯಾಗಿರುವುದು ಅದೇ ಭಾಗ.

ನ್ಯೂಜಿಲೆಂಡಿನಲ್ಲಿ 70 ತಾಯಿ-ಮಗು ಜೋಡಿಗಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪುಟ್ಟ ಮಕ್ಕಳಿಗೆ ಒಂದೊಂದು ಸಲಕ್ಕೆ ಎರಡೆರಡು ಚಿತ್ರ ತೋರಿಸಿದರು. ಒಂದರಲ್ಲಿ ಸಾಧಾರಣ ಮೈಕಟ್ಟಿನವರು, ಇನ್ನೊಂದರಲ್ಲಿ ತುಂಬ ದಪ್ಪಗಿರುವವರು. ಮಗು ಯಾವುದನ್ನು ಎಷ್ಟು ಹೊತ್ತು ನೋಡುತ್ತದೆ ಅಂತ ಅಳೆದರು. ಸುಮಾರು 11 ತಿಂಗಳ ಕೂಸುಗಳು ದಪ್ಪಗಿರುವವರನ್ನೇ ಹೆಚ್ಚು ನೋಡಿದವು. ಎರಡೂವರೆ ವರ್ಷ ದಾಟುವಷ್ಟರಲ್ಲಿ ಉಲ್ಟಾ ಆಗಿತ್ತು. ಆ ವಯಸ್ಸಿನವರಲ್ಲಿ, ದಪ್ಪಗಿರುವವರ ಬಗ್ಗೆ ತಾಯಿಯ ಪೂರ್ವಗ್ರಹ ಹೆಚ್ಚಿದ್ದಷ್ಟೂ ಮಗುವಿನ ಕಣ್ಣು ಸಾಧಾರಣ ಮೈಯ ಕಡೆಗೇ ಹೆಚ್ಚು ಹೋಗುತ್ತಿತ್ತು. ಟಿವಿ ಎಷ್ಟು ಹೊತ್ತು ನೋಡುತ್ತವೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಸಿಗಲಿಲ್ಲ.

ಇದನ್ನು ಓದಿ ಎದೆ ಬಡಿದುಕೊಳ್ಳಬೇಡಿ. 70 ಜೋಡಿ ಅಂದರೆ ಚಿಕ್ಕ ಅಧ್ಯಯನ. ಎರಡು ಒಟ್ಟಿಗೆ ಕಂಡವು ಅಂದಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಅಂತಲೂ ಅಲ್ಲ. ಇನ್ನೊಂದು ವಿಷಯ ನನಗೆ ಓದಿದಾಗಿಂದ ಕಿರಿಕಿರಿ. ಅಪ್ಪಂದಿರ ತೂಕ-ಎತ್ತರದ ಲೆಕ್ಕ ತೆಗೆದುಕೊಂಡರು, ಅಪ್ಪಂದಿರ ಪೂರ್ವಗ್ರಹ ಅಳೆಯಲಿಲ್ಲ! ಊಟಕ್ಕೆ ಕೂತಾಗ ‘ಏನೇ, ಇನ್ನೊಂದು ಚಪಾತಿನಾ?’ ಅನ್ನುವ ದನಿ ಎಷ್ಟೋ ಮನೆಗಳಲ್ಲಿ ಅಪ್ಪನದ್ದೇ ಅಲ್ವಾ?

ಶಾಲೆಯ ವಯಸ್ಸಿಗೆ ಬರೋಣ. 1961ರಲ್ಲಿ ಅಮೆರಿಕದಲ್ಲಿ ಸ್ಟೀಫನ್ ರಿಚರ್ಡ್‌ಸನ್ ಮತ್ತು ಜೊತೆಗಾರರು 10–11 ವರ್ಷದ ಆರುನೂರಕ್ಕೂ ಹೆಚ್ಚು ಮಕ್ಕಳ ಮುಂದೆ ಆರು ಚಿತ್ರ ಇಟ್ಟರು. ಒಂದರಲ್ಲಿ ಯಾವ ತೊಂದರೆಯೂ ಇಲ್ಲದ ಮಗು. ಒಂದರಲ್ಲಿ ಊರುಗೋಲು ಹಿಡಿದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮಗು. ಒಂದರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಮಗು. ಒಂದಕ್ಕೆ ಎಡಗೈ ಇಲ್ಲ. ಒಂದಕ್ಕೆ ಮುಖದಲ್ಲಿ ಊನ. ಆರನೆಯದು ದಪ್ಪಗಿರುವ ಮಗು. ‘ಇವರಲ್ಲಿ ಯಾರು ನಿನಗೆ ಎಲ್ಲರಿಗಿಂತ ಇಷ್ಟ?’ ಅಂತ ಕೇಳುವುದು. ಮಗು ತೋರಿಸಿದ ಚಿತ್ರ ತೆಗೆದಿಟ್ಟು, ಉಳಿದವರಲ್ಲಿ ಯಾರು ಅಂತ ಮತ್ತೆ ಕೇಳುವುದು. ಹೀಗೆ ಕೊನೆಯವರೆಗೆ. ದಪ್ಪ ಮಗು ಒಟ್ಟಾರೆ ಕೊನೆಗೆ ಉಳಿಯಿತು. ನಲವತ್ತು ವರ್ಷ ಕಳೆದು ಜಾನೆಟ್ ಲ್ಯಾಟ್ನರ್ ಮತ್ತು ಆಲ್ಬರ್ಟ್ ಸ್ಟಂಕಾರ್ಡ್ ಅದೇ ಚಿತ್ರಗಳ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರು. 2003ರಲ್ಲಿ ಬಂದ ಅವರ ಲೇಖನದ ಪ್ರಕಾರ ಆ ಮಗು ಕೊನೆಯಲ್ಲೇ ಇತ್ತು, ಇಷ್ಟವಾಗುವ ಮಗುವಿಗೂ ಅದಕ್ಕೂ ನಡುವಿನ ಅಂತರ ಮಾತ್ರ ಹಿಗ್ಗಿತ್ತು. ಅಷ್ಟು ಹೊತ್ತಿಗೆ ದಪ್ಪಗಿರುವ ಮಕ್ಕಳ ಸಂಖ್ಯೆ ಅಮೆರಿಕದಲ್ಲಿ ವಿಪರೀತ ಏರಿತ್ತು. ಸುತ್ತಮುತ್ತ ಅಂಥವರು ಜಾಸ್ತಿ ಆದರೆ ರೂಢಿಯಾಗಿ ತಿರಸ್ಕಾರ ಕಮ್ಮಿ ಆಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ.

ದೊಡ್ಡವರ ಲೆಕ್ಕವೂ ಇದೇ. ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಮಹಜರೀನ್ ಬಾನಾಜಿ (ಬಾನಾಜಿ ನಮ್ಮ ಸಿಕಂದರಾಬಾದಿನಲ್ಲಿ ಹುಟ್ಟಿದವರು) 13 ವರ್ಷಗಳಲ್ಲಿ ಅಮೆರಿಕದ ಜನ ಆನ್‌ಲೈನ್‌ನಲ್ಲಿ ತೆಗೆದುಕೊಂಡ 44 ಲಕ್ಷ ಪರೀಕ್ಷೆಗಳನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದರು. ಕೀಲಿ ಒತ್ತುವ ವೇಗದಿಂದ, ಬಾಯಿಬಿಟ್ಟು ಹೇಳದ ಒಲವನ್ನು ಅಳೆಯುವ ಪರೀಕ್ಷೆ ಅದು. ಒಬ್ಬರ ಮನಸ್ಸು ಹೀಗೇ ಅಂತ ಹೇಳಲು ಅದನ್ನು ನೆಚ್ಚಿಕೊಳ್ಳಬಾರದು, ಲಕ್ಷಾಂತರ ಜನರ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಲು ಪರವಾಗಿಲ್ಲ. ಜನಾಂಗ, ಚರ್ಮದ ಬಣ್ಣ, ಸಲಿಂಗಿಗಳ ಬಗ್ಗೆ ಒಳಮನಸ್ಸಿನ ಪೂರ್ವಗ್ರಹ ಇಳಿದಿತ್ತು. ವಯಸ್ಸು, ಅಂಗವೈಕಲ್ಯದ ವಿಷಯದಲ್ಲಿ ಇದ್ದ ಹಾಗೇ ಇತ್ತು. ಏರಿದ್ದು ಮೈತೂಕದ ವಿಷಯದಲ್ಲಿ ಮಾತ್ರ. ಬಾಯಿಮಾತಿನಲ್ಲಿ ಮಾತ್ರ ಆರೂ ವಿಷಯಗಳಲ್ಲಿ ಎಲ್ಲರೂ ಒಳ್ಳೆಯವರಾಗುತ್ತಿದ್ದರು!

ಯಾಕೆ ಹೀಗೆ? ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸಾಮಾನ್ಯವಾಗಿ ಜನ ತಮ್ಮವರ ಪರ. ನಮ್ಮ ಊರು, ನಮ್ಮ ಭಾಷೆ, ನಮ್ಮ ಕ್ರಿಕೆಟ್ ಟೀಮು. ಬೈಸಿಕೊಳ್ಳುವ ಗುಂಪಿನವರೂ ಒಳಗೊಳಗೆ ‘ನಾವು’ ಅಂತ ಒಂದು ಬೇಲಿ ಕಟ್ಟಿಕೊಂಡಿರುತ್ತಾರೆ. ದಪ್ಪಗಿರುವವರಲ್ಲಿ ಆ ಬೇಲಿ ಬಹಳ ಸಡಿಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿರುವವರನ್ನೇ ಅಳೆದು ನೋಡಿದರು. ಅವರ ಒಲವೂ ತೆಳ್ಳಗಿರುವವರ ಕಡೆಗೇ ಇತ್ತು. ‘ದಪ್ಪಗಿರುವವರು ಸೋಮಾರಿಗಳು’ ಅನ್ನುವುದಕ್ಕೆ ಅವರ ಮನಸ್ಸೂ ಹೂಂ ಅನ್ನುತ್ತಿತ್ತು.

ಜೆನಿಫರ್ ಕ್ರಾಕರ್ ಅನ್ನುವವರು ಮತ್ತು ಜೊತೆಗಾರರು ಮಾಡಿದ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1991ರ ಪ್ರಯೋಗದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳನ್ನು ಒಬ್ಬ ಬಿಳಿಯ ವಿದ್ಯಾರ್ಥಿ ‘ನಿನ್ನ ಜೊತೆ ಸ್ನೇಹ ಬೇಡ’ ಅಂದ ಹಾಗೆ ಏರ್ಪಾಡು. ಕೆಲವರಿಗೆ ಕಿಟಕಿಯ ಪರದೆ ತೆರೆದಿತ್ತು, ಆ ಕಡೆಯವನಿಗೆ ತಾವು ಕಾಣುತ್ತೇವೆ ಅಂತ ಗೊತ್ತು. ಕೆಲವರಿಗೆ ಮುಚ್ಚಿತ್ತು. ಪರದೆ ಮುಚ್ಚಿದ್ದವರ ಸ್ವಾಭಿಮಾನಕ್ಕೆ ಏಟು ಬಿತ್ತು. ತೆರೆದಿದ್ದವರಿಗೆ ಬೀಳಲಿಲ್ಲ. ‘ಇವನು ನನ್ನ ಬಣ್ಣ ನೋಡಿ ಹೀಗಂದ, ಅದು ಅವನ ಕೊಳಕು’ ಅಂತ ಅವರು ಪಕ್ಕಕ್ಕಿಡಬಲ್ಲವರಾಗಿದ್ದರು. 1993ರ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ ಹುಡುಗಿಯರಿಗೆ ಒಬ್ಬ ಹುಡುಗ ಬೇಡ ಅಂದ ಹಾಗೆ ತಿಳಿಸಿದರು. ಅವರೂ ಕಾರಣ ಹುಡುಕಿದರು, ‘ನನ್ನ ತೂಕಕ್ಕೇ ಬೇಡ ಅಂದ’ ಅಂತ ಸರಿಯಾಗೇ ಹೇಳಿದರು. ಆದರೆ ಆ ಹುಡುಗನನ್ನು ದೂರಲಿಲ್ಲ. ಮನಸ್ಸು ಕುಗ್ಗಿದ್ದು ಅವರದ್ದು.

‘ಇದು ನನ್ನದೇ ತಪ್ಪು’ ಅನ್ನುವ ನಂಬಿಕೆ ಹೀಗೆ ಕೆಲಸ ಮಾಡುತ್ತದೆ. ತೆಳ್ಳಗಿರುವವರ ಕೈಯಲ್ಲಿ ಅದು ಬೈಗುಳ. ದಪ್ಪಗಿರುವವರ ಕೈಯಲ್ಲಿ ಕನ್ನಡಿ ಮುಂದಿನ ಮಾತು. ಇದನ್ನು ‘ಹೇಗೂ ಈ ಗುಂಪಿನಿಂದ ಆಚೆ ಹೋಗ್ತೀನಿ, ನಾಲ್ಕು ತಿಂಗಳು ಡಯಟ್ ಅಷ್ಟೇ’ ಅನ್ನುವ ಆಸೆ ಇನ್ನೂ ಗಟ್ಟಿ ಮಾಡುತ್ತದೆ. ಬಿಟ್ಟುಹೋಗುವ ಊರಿನ ರಸ್ತೆ ಯಾರು ರಿಪೇರಿ ಮಾಡ್ತಾರೆ, ಹೇಳಿ.

ಇನ್ನು ಗೆಳತಿಯರ ಗುಂಪು. ನಿಮ್ಮ ಮಗಳು ಒಬ್ಬಳೇ ಇದ್ದಾಗ ಆ ಹುಡುಗಿಯನ್ನು ಹಾಗೆ ಕರೆದಿರಲಿಕ್ಕಿಲ್ಲ. ಅದನ್ನು ವಿವರಿಸಲು ಎರಡು ಸಂಗತಿ ಸಾಕು. 2007ರಲ್ಲಿ ಕೆರ್ರಿ ಓಬ್ರಿಯನ್ ಮತ್ತು ಸಂಗಡಿಗರು ತೋರಿಸಿದ್ದು ಏನೆಂದರೆ, ತಮ್ಮ ಮೈಯನ್ನು ಸದಾ ಬೇರೆಯವರ ಮೈ ಜೊತೆ ಹೋಲಿಸಿಕೊಳ್ಳುವ ಅಭ್ಯಾಸವೇ ತನ್ನ ಮೈ ಬಗೆಗಿನ ಕೊರಗಿಗೂ ದಪ್ಪಗಿರುವವರ ಬಗೆಗಿನ ತಿರಸ್ಕಾರಕ್ಕೂ ನಡುವಿನ ಸೇತುವೆ. ‘ಸದ್ಯ, ನಾನು ಅವಳಷ್ಟಿಲ್ಲ’ ಅನ್ನುವ ಸಮಾಧಾನ ಇದೆಯಲ್ಲ, ಅದನ್ನು ಹುಡುಕುವವರಿಗೆ ಅವಳಂಥವಳು ಒಬ್ಬಳು ಬೇಕೇ ಬೇಕು. ನನ್ನ ಅನುಭವದಲ್ಲಿ ಹದಿಮೂರರ ಹುಡುಗಿಯರಿಗೆ ಈ ಸಮಾಧಾನ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಎರಡನೆಯದು ಮಿಶೆಲ್ ಹೆಬ್ಲ್ ಮತ್ತು ಲಾರಾ ಮ್ಯಾನಿಕ್ಸ್ 2003ರಲ್ಲಿ ಪ್ರಕಟಿಸಿದ್ದು. ಕೆಲಸಕ್ಕೆ ಅರ್ಜಿ ಹಾಕಿದ ಗಂಡಸು ಕಾಯುವ ಕೋಣೆಯಲ್ಲಿ ಕೂತಿದ್ದಾನೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು. ಆಕೆ ದಪ್ಪಗಿದ್ದರೆ ನೋಡಿದವರು ಅವನಿಗೆ ಕಮ್ಮಿ ಅಂಕ ಕೊಟ್ಟರು. ಆಕೆ ಅವನ ಗೆಳತಿಯೋ, ಗುರುತೇ ಇಲ್ಲದವಳೋ, ವ್ಯತ್ಯಾಸವಾಗಲಿಲ್ಲ. ಬರೀ ಪಕ್ಕದಲ್ಲಿ ಕೂತದ್ದಕ್ಕೆ! ಮಕ್ಕಳು ಈ ಲೇಖನ ಓದಿಲ್ಲ, ಆದರೆ ಈ ಲೆಕ್ಕ ಅವರಿಗೆ ಬಾಯಿಪಾಠ. ಊಟದ ಡಬ್ಬಿ ಹಿಡಿದುಕೊಂಡು ಯಾರ ಪಕ್ಕ ಕೂರಬಾರದು ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮ ಕಡೆ ಹೀಗಿತ್ತಾ ಅಂತ ಕೇಳಬಹುದು. ಇರಲಿಲ್ಲ, ಅಥವಾ ಇಷ್ಟಿರಲಿಲ್ಲ. ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ’ ಅನ್ನುವುದು ನಮ್ಮಜ್ಜಿಯ ಬಾಯಲ್ಲಿ ಹೊಗಳಿಕೆ. ರಜಕ್ಕೆ ಊರಿಗೆ ಹೋದರೆ ‘ಯಾಕೋ ಸೊರಗಿದ್ದೀಯಾ, ಅಲ್ಲಿ ಯಾರೂ ಸರಿಯಾಗಿ ಊಟ ಹಾಕಲ್ವಾ?’ ಅಂತಿದ್ದರು. ಆ ಬೈಗುಳ ನನಗಲ್ಲ, ಊಟ ಹಾಕದವರಿಗೆ. ರೈಲ್ವೆ ಸ್ಟೇಷನ್ನಿನ ಬಣ್ಣದ ಲೈಟಿನ ತೂಕದ ಮಷಿನ್ನಿಗೆ ನಾಣ್ಯ ಹಾಕಿದರೆ ಬೀಳುತ್ತಿದ್ದ ಪುಟ್ಟ ರಟ್ಟಿನ ಟಿಕೆಟಿನಲ್ಲಿ ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಎರಡು ಕೆಜಿ ಏರಿದ್ದರೆ ಮಾವ ಅದನ್ನು ಎಲ್ಲರಿಗೂ ಓದಿ ಹೇಳಿ ಬೆನ್ನು ತಟ್ಟುತ್ತಿದ್ದರು.

ಫಿಜಿ ದ್ವೀಪದಲ್ಲೂ ಹೀಗೇ ಇತ್ತು. ಅಲ್ಲಿನ ಮೂಲನಿವಾಸಿಗಳಲ್ಲಿ ತುಂಬಿದ ಮೈ ಅಂದರೆ ಚೆನ್ನಾಗಿ ನೋಡಿಕೊಳ್ಳುವವರು ಇದ್ದಾರೆ ಅಂತ ಅರ್ಥ, ಬಡಕಲಾದರೆ ಮನೆಯವರಿಗೇ ಚಿಂತೆ. ಹಾರ್ವರ್ಡಿನ ಆ್ಯನ್ ಬೆಕರ್ ಅಲ್ಲಿನ ನಡ್ರೋಗಾ ಪ್ರಾಂತ್ಯದ ಶಾಲಾ ಹುಡುಗಿಯರನ್ನು 1995ರಲ್ಲಿ, ಟಿವಿ ಬಂದು ಕೆಲವೇ ವಾರ ಆಗಿದ್ದಾಗ ಮಾತಾಡಿಸಿದರು. ಮತ್ತೆ 1998ರಲ್ಲಿ ಅದೇ ವಯಸ್ಸಿನ ಬೇರೆ ಹುಡುಗಿಯರನ್ನು ಕೇಳಿದರು. ಊಟದ ವಿಷಯದಲ್ಲಿ ಮನಸ್ಸು ಕೆಟ್ಟಿರುವುದನ್ನು ಅಳೆಯುವ ಪರೀಕ್ಷೆಯಲ್ಲಿ ಅಪಾಯದ ಗೆರೆ ದಾಟಿದವರು ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಅಂದವರು ಮೊದಲ ಸಲ ಒಬ್ಬರೂ ಇಲ್ಲ, ಎರಡನೇ ಸಲ ಶೇ. 11.3. ಮೂರೇ ವರ್ಷ. ಬರೀ ಅರವತ್ತು ಚಿಲ್ಲರೆ ಹುಡುಗಿಯರ ಎರಡು ಗುಂಪು, ಟಿವಿ ಜೊತೆಗೆ ಬೇರೆ ಬದಲಾವಣೆಗಳೂ ಇದ್ದಿರಬೇಕು. ಆದರೂ ‘ಮೈಕೈ ತುಂಬಿಕೊಂಡಿರುವುದು’ ಹೊಗಳಿಕೆಯಿಂದ ಬೈಗುಳಕ್ಕೆ ತಿರುಗಲು ತಲೆಮಾರುಗಟ್ಟಲೆ ಬೇಕಿಲ್ಲ ಅಂತ ಗೊತ್ತಾಗುತ್ತದೆ.

ಭಾರತವನ್ನೂ ಸೇರಿಸಿ ಆರು ದೇಶಗಳಲ್ಲಿ ಕ್ರ್ಯಾಂಡಲ್ ಮತ್ತು ಇತರರು ಮಾಡಿದ ಅಧ್ಯಯನ 2001ರಲ್ಲಿ ಬಂತು. ಎರಡು ಸೇರಿದಾಗ ತಿರಸ್ಕಾರ ಹುಟ್ಟುತ್ತದೆ ಅನ್ನುವುದು ಅವರ ವಾದ: ದಪ್ಪ ಅಂದರೆ ಕೆಟ್ಟದ್ದು ಅನ್ನುವ ಮೌಲ್ಯ, ಅದು ಅವರವರ ತಪ್ಪು ಅನ್ನುವ ತೀರ್ಪು. ವ್ಯಕ್ತಿಯನ್ನೇ ಎಲ್ಲಕ್ಕೂ ಹೊಣೆ ಮಾಡುವ ದೇಶಗಳಲ್ಲಿ ಈ ಲೆಕ್ಕ ಹೆಚ್ಚು ಚೆನ್ನಾಗಿ ಕೂಡಿಬಂತು. ಅದು ಇಪ್ಪತ್ತು ವರ್ಷಕ್ಕೂ ಹಿಂದಿನ ಭಾರತ. ಗಲ್ಲಿಗೊಂದು ಜಿಮ್, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು ಬಂದಮೇಲೆ ನಮ್ಮ ಊರುಗಳಲ್ಲಿ ‘ಮನಸ್ಸು ಮಾಡಿದರೆ ಆಗುತ್ತೆ’ ಅನ್ನುವ ಮಾತು ಎಷ್ಟು ಜಾಸ್ತಿಯಾಗಿದೆ ಅಂತ ನಿಮಗೇ ಗೊತ್ತು.

ಒಂದು ವ್ಯತ್ಯಾಸ ಮಾತ್ರ ಈಗಲೂ ಉಳಿದಿದೆ. ಅಮೆರಿಕದ ಹದಿಹರೆಯದ ಹುಡುಗಿಯರು ‘ಅಯ್ಯೋ ನಾನೆಷ್ಟು ದಪ್ಪ’ ಅನ್ನುವುದು, ಗೆಳತಿ ‘ಇಲ್ಲ ಬಿಡೇ’ ಅನ್ನುವುದು, ಈ ಆಟಕ್ಕೆ ಹೆಸರಿಟ್ಟವರಲ್ಲಿ ಮಿಮಿ ನಿಕ್ಟರ್ ಒಬ್ಬರು. ಅದಕ್ಕೂ ಮುಂಚೆ ಅವರು ಮತ್ತು ಮಾರ್ಕ್ ನಿಕ್ಟರ್ ನಮ್ಮ ದಕ್ಷಿಣ ಕನ್ನಡದಲ್ಲಿ ಬಸುರಿಯರ ಊಟದ ಬಗ್ಗೆ ಅಧ್ಯಯನ ಮಾಡಿದ್ದರು. ಅಮೆರಿಕದ ಆ ಆಟದಲ್ಲಿ ದಪ್ಪ ಅನ್ನುವ ಮಾತು ತೆಗೆಯುವುದು ತನ್ನ ಬಗ್ಗೆ ತಾನೇ. ನಮ್ಮಲ್ಲಿ ನೀವು ಬಾಯಿ ಬಿಡುವ ಮೊದಲೇ ಮದುವೆ ಮನೆಯ ಬಾಗಿಲಲ್ಲಿ ಚಿಕ್ಕಮ್ಮ ಶುರು ಮಾಡಿರುತ್ತಾರೆ. ‘ಏನೇ ಇಷ್ಟು ಊದ್ಕೊಂಡಿದ್ದೀಯ!’ ಅದರಲ್ಲಿ ಪ್ರೀತಿಯೂ ಇರುತ್ತದೆ, ಅದೇ ಕಷ್ಟ.

‘ಹೇಳಿದರೆ ತಾನೇ ಇಳಿಸಿಕೊಳ್ಳೋದು’ ಅನ್ನುವವರಿಗೆ ಒಂದು ಅಂಕಿ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು 2006ರಲ್ಲಿ ಮತ್ತು 2010ರಲ್ಲಿ ನೋಡಿದ ಅಧ್ಯಯನ ಅದು, ಆ್ಯಂಜಲೀನಾ ಸೂಟಿನ್ ಮತ್ತು ಆಂಟೋನಿಯೊ ತೆರಾಚಾನೊ ಅವರದು. ಮೊದಲ ಸಲ ಬೊಜ್ಜಿನ ಮಟ್ಟ ಮುಟ್ಟದೆ ಇದ್ದವರಲ್ಲಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದ್ದೇವೆ ಅಂದವರು ನಾಲ್ಕು ವರ್ಷದಲ್ಲಿ ಆ ಮಟ್ಟ ಮುಟ್ಟುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಶುಗರು, ಮಂಡಿನೋವು ನಿಜ, ಅದಕ್ಕೆ ಡಾಕ್ಟರು ಇದ್ದಾರೆ. ಹಂಗಿಸುವುದು ಚಿಕಿತ್ಸೆ ಅಲ್ಲ.

ಈಗ ಏನು ಮಾಡುವುದು. ಮಗಳನ್ನು ಕೂರಿಸಿ ‘ದಪ್ಪ ಆಗೋದು ವಂಶವಾಹಿ ಕಣೇ’ ಅಂತ ಪಾಠ ಮಾಡಿದರೆ ಜಾಸ್ತಿ ಪ್ರಯೋಜನವಿಲ್ಲ. ಬೆಥನಿ ಟೀಚ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಅದನ್ನೇ ಮಾಡಿ ನೋಡಿದರು. ಅತಿಯಾಗಿ ತಿಂದು ಹೀಗಾಗುತ್ತಾರೆ ಅಂತ ಓದಿಸಿದರೆ ಒಳಮನಸ್ಸಿನ ಪೂರ್ವಗ್ರಹ ಏರಿತು, ವಂಶವಾಹಿ ಅಂತ ಓದಿಸಿದರೆ ಇಳಿಯಲಿಲ್ಲ. ಕೆಡಿಸುವುದು ಸುಲಭ!

ಕೆಲಸ ಮಾಡಿದ್ದು ಬೇರೆ. ರೆಬೆಕ್ಕಾ ಪುಲ್ ಮತ್ತು ಜೊತೆಗಾರರ 2005ರ ಪ್ರಯೋಗಗಳಲ್ಲಿ, ‘ನಿಮ್ಮಂಥವರೇ ಬೇರೆಯವರು ದಪ್ಪಗಿರುವವರ ಬಗ್ಗೆ ನೀವಂದುಕೊಂಡಷ್ಟು ಕೆಟ್ಟದಾಗಿ ಯೋಚಿಸಲ್ಲ’ ಅಂತ ತಿಳಿದಾಗ ಜನರ ಅಭಿಪ್ರಾಯ ಬದಲಾಯಿತು. ಹಾಗಾಗಿ ನಿಮ್ಮ ಭಾಷಣಕ್ಕಿಂತ ಅವಳ ಗುಂಪಿನಲ್ಲೇ ಒಬ್ಬಳು ‘ಏಯ್ ಬಿಡೇ, ಚೆನ್ನಾಗಿರಲ್ಲ’ ಅಂದರೆ ಅದಕ್ಕೆ ತೂಕ ಹೆಚ್ಚು. ಆ ಒಬ್ಬಳು ಯಾರು ಅಂತ ಮಗಳನ್ನೇ ಕೇಳಿ. ಒಬ್ಬಳು ಇದ್ದೇ ಇರುತ್ತಾಳೆ, ಅವತ್ತು ಸುಮ್ಮನಿದ್ದಳು ಅಷ್ಟೇ.

ಎರಿಕ್ ಸ್ಟೈಸ್ ರೂಪಿಸಿದ ಕಾರ್ಯಕ್ರಮದಲ್ಲಿ ಹುಡುಗಿಯರಿಗೆ ಬುದ್ಧಿ ಹೇಳುವುದಿಲ್ಲ. ‘ತೆಳ್ಳಗಿದ್ದರೆ ಮಾತ್ರ ಚೆಂದ’ ಅನ್ನುವುದರ ವಿರುದ್ಧ ಅವರ ಕೈಯಲ್ಲೇ ವಾದ ಮಾಡಿಸುತ್ತಾರೆ, ಚಿಕ್ಕವಳಿಗೊಂದು ಪತ್ರ ಬರೆಸುತ್ತಾರೆ. ಬಾಯಿಬಿಟ್ಟು ಹೇಳಿದ್ದನ್ನು ಮನಸ್ಸು ಹಿಂಬಾಲಿಸುತ್ತದೆ. ಮನೆಯಲ್ಲಿ ಅದನ್ನು ಹೀಗೆ ಮಾಡಬಹುದು: ಕನ್ನಡಿ ಮುಂದೆ ನೀವು ಆ ಪದ ಅಂದಾಗಲೆಲ್ಲ ನಿಮ್ಮನ್ನು ತಡೆಯುವ ಅಧಿಕಾರ ಅವಳಿಗೆ ಕೊಡಿ. ತಡೆದು, ಯಾಕೆ ಅನ್ನಬಾರದು ಅಂತ ಅವಳೇ ಹೇಳಬೇಕು. ಜಗಳಗಂಟಿ ಹುಡುಗಿಯ ಹಾಗೆ ಕಾಣುತ್ತಾಳೆ, ಖುಷಿಯಿಂದ ಮಾಡುತ್ತಾಳೆ.

ಅವಳ ಪ್ರಶ್ನೆಗೆ ‘ಹೌದು, ಅದೂ ತಪ್ಪೇ’ ಅಂತ ಮೊದಲು ಒಪ್ಪಿಕೊಳ್ಳಿ. ಆಮೇಲೆ ಅವಳು ಆ ಹುಡುಗಿಯ ಹತ್ತಿರ ಹೋಗಬೇಕು. ಟೀಚರ್ ಎದುರಿಗೆ ಬೇಡ, ಗುಂಪು ಕಟ್ಟಿಕೊಂಡೂ ಬೇಡ. ಆ ಮಗು ಇಷ್ಟೊತ್ತಿಗೆ ‘ನಾನು ಹೀಗಿರೋದಕ್ಕೇ ಅವರು ಹಾಗಂದ್ರು’ ಅಂದುಕೊಂಡು ನಿಮ್ಮ ಮಗಳನ್ನು ಒಳಗೊಳಗೇ ಕ್ಷಮಿಸಿಬಿಟ್ಟಿರುವ ಸಾಧ್ಯತೆ ಇದೆ, ಕ್ರಾಕರ್ ಅವರ ಪ್ರಯೋಗದ ಹುಡುಗಿಯರ ಹಾಗೆ. ಆದ್ದರಿಂದ ‘ತಪ್ಪು ನಂದು’ ಅನ್ನುವ ಮಾತು ಅವಳ ಕಿವಿಗೆ ಬೀಳಬೇಕು. ಅಷ್ಟು ಹೇಳಿ ನಿಲ್ಲಿಸಲು ಕಲಿಸಿ. ಸಮಾಧಾನ ಮಾಡುವ ಭರದಲ್ಲಿ ‘ನೀನೇನು ಅಷ್ಟೊಂದು ದಪ್ಪ ಇಲ್ಲ ಬಿಡು’ ಅಂತ ಸೇರಿಸಿಬಿಟ್ಟರೆ ಮತ್ತೆ ಜೆಸಿಬಿ ಅಂದ ಹಾಗೇ ಆಯಿತು.